ಭಾವ ಕತ್ತರಿಸಿ ಎಸೆದದ್ದು

ನಮ್ಮ ಭಾವನಿಗೆ ಕಿವಿ ಬಿಟ್ಟರೆ ಬೇರೆ ಅಂಗಗಳಿವೆಯೋ ಇಲ್ಲವೋ ಅನ್ನುವ ಅನುಮಾನ ನನಗೆ ಅಕ್ಕನ ಮದುವೆಯಾದ ಹೊಸತರಲ್ಲೇ ಬಂದಿತ್ತು. ಲಿಫ್ಟ್ ರಿಪೇರಿ ಅವರ ಕೆಲಸ. ಬೇರೆ ಮೆಕ್ಯಾನಿಕ್‌ಗಳು ಟಾರ್ಚ್ ಹಿಡಿದು ನೋಡಿದರೆ ಇವರು ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುವರು. ಕೆಟ್ಟ ಲಿಫ್ಟುಗಳ ಸದ್ದು ಹಿಡಿದಿಟ್ಟುಕೊಳ್ಳೋಣ ಅಂತ ಒಂದು ರೆಕಾರ್ಡರ್ ಕೊಂಡರು. ಮೊದಮೊದಲು ಅದು ಕೆಲಸಕ್ಕೆ, ಆಮೇಲೆ ಅದೇ ಹುಚ್ಚು. ಲಿಫ್ಟಿನ ಬಾಗಿಲು ಮುಚ್ಚುವ ಸದ್ದನ್ನು ಕಂಪ್ಯೂಟರಿನಲ್ಲಿ ನಿಧಾನ ಮಾಡಿ, ಅದರ ಮೇಲೆ ನಲ್ಲಿ ತೊಟ್ಟಿಕ್ಕುವುದನ್ನು ಕೂರಿಸಿ, ನಡುವೆ ಸೌಟು ಬಾಣಲೆಗೆ ತಾಗುವುದನ್ನು ಸೇರಿಸಿ, ಇದು ಸಂಗೀತ ಅಂದರು. ರಾಗವಿಲ್ಲ, ತಾಳವಿಲ್ಲ, ಹಾಡುವವರಂತೂ ಇಲ್ಲವೇ ಇಲ್ಲ. ಪಾತ್ರೆ ತೊಳೆದ ಹಾಗಿದೆ ಭಾವ, ಅಂದೆ. ಪಾತ್ರೆ ತೊಳೆದದ್ದೇ, ಅಂದರು. ನಾನು ಹೊಗಳಿದೆ ಅಂದುಕೊಂಡಿದ್ದರು.

ಆ ಪಾತ್ರೆ ತೊಳೆಯುತ್ತಿದ್ದವಳು ಅಕ್ಕ. ಅವರ ಸಂಗೀತಕ್ಕೆ ಬೇಕಾದ ಸದ್ದಿನಲ್ಲಿ ಮುಕ್ಕಾಲು ಪಾಲು ಅವಳ ಕೈಯಿಂದಲೇ ಹುಟ್ಟುತ್ತಿತ್ತು. ಆದರೆ ಭಾವನದು ಒಂದು ಕಟ್ಟುನಿಟ್ಟು: ಮನುಷ್ಯರ ಮಾತು ಒಳಗೆ ಬರಕೂಡದು. ಮಾತು ಬಂದರೆ ಕೇಳುವವರು ಅದರ ಅರ್ಥದ ಹಿಂದೆ ಓಡುತ್ತಾರೆ, ಸದ್ದನ್ನು ಯಾರೂ ಕೇಳುವುದಿಲ್ಲ ಎನ್ನುವುದು ಅವರ ವಾದ. ಅಕ್ಕನೋ ಸುಮ್ಮನಿದ್ದರೆ ಊಟ ಜೀರ್ಣವಾಗದ ಪೈಕಿ. ಈರುಳ್ಳಿ ಹೆಚ್ಚುತ್ತಾ ಚಾಕುವಿಗೆ ಬೈಯುವಳು, ಹಾಲು ಉಕ್ಕಿದರೆ ಹಾಲಿಗೇ ಬುದ್ಧಿ ಹೇಳುವಳು. ಭಾವ ತುಟಿಗೆ ಬೆರಳಿಟ್ಟು ಶ್ಶ್ ಅನ್ನುವರು. ಕಟ್ಟಡದ ಮಕ್ಕಳೆಲ್ಲ ಅವರನ್ನು ಶ್ಶ್ ಮಾವ ಅಂತಲೇ ಕರೆಯುತ್ತಿದ್ದವು. ಅಷ್ಟಾದರೂ ನುಸುಳಿದ ಅಕ್ಕನ ಮಾತನ್ನು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಕೂತು ಒಂದೊಂದಾಗಿ ತೆಗೆಯುತ್ತಿದ್ದರು. ಡಿಸ್ಕಿನಲ್ಲಿ ಜಾಗ ಸಾಲದೆಂದು ಮೂಲ ರೆಕಾರ್ಡಿಂಗನ್ನೂ ಅಳಿಸಿಬಿಡುತ್ತಿದ್ದರು.

ಒಮ್ಮೆ ಒಂದು ಸಣ್ಣ ಸಭಾಂಗಣದಲ್ಲಿ ಅದನ್ನೆಲ್ಲ ಕೇಳಿಸಿದರು. ಬಂದವರು ಬೆರಳೆಣಿಕೆಯಷ್ಟು, ಅದರಲ್ಲೂ ಅರ್ಧ ನಾವೇ. ಗಡ್ಡದವರೊಬ್ಬರು ಎದ್ದು, ಮನುಷ್ಯರೇ ಇಲ್ಲದ ಮನೆಯೊಂದು ತಾನಾಗಿ ಬದುಕುತ್ತಿರುವಂತೆ ಕೇಳಿಸಿತು ಎಂದು ಹೊಗಳಿದರು. ಭಾವ ಹಿಗ್ಗಿ ಹೀರೇಕಾಯಿಯಾದರು. ವಾಪಸು ಬರುವಾಗ ಅಕ್ಕ ನನ್ನ ಪಕ್ಕ ಬಂದು, "ಮನುಷ್ಯರೇ ಇಲ್ವಂತೆ. ಹಾಗಾದ್ರೆ ಆ ಈರುಳ್ಳಿ ಹೆಚ್ಚಿದ್ದು ಯಾರಪ್ಪ?" ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಾವ ಯಾವುದೋ ಗುಂಗಿನಲ್ಲಿ ಮುಂದೆ ಹೋಗುತ್ತಿದ್ದರು.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದವಳು ಹಾಗೇ ಕುಸಿದಳು. ಪಾರ್ಶ್ವವಾಯು. ಬಲಗೈ ಹೋಯಿತು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಲೆಯಾಡಿಸುತ್ತಾಳೆ, ಆದರೆ ಬಾಯಿಂದ ಒಂದಕ್ಷರ ಹೊರಡದು. ಅಷ್ಟು ಮಾತಾಡುತ್ತಿದ್ದವಳು ಹಾಗೆ ಕೂತಿರುವುದನ್ನು ನೋಡಿದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಮಾತು ಕಲಿಸಲು ಮನೆಗೆ ಬರುತ್ತಿದ್ದ ಥೆರಪಿಸ್ಟ್ ಒಂದು ದಿನ, ಇವರು ಮೊದಲು ಮಾತಾಡಿದ್ದೇನಾದರೂ ರೆಕಾರ್ಡ್ ಆಗಿದ್ದರೆ ಕೊಡಿ ಅಂದಳು. ಅವರದೇ ದನಿಯನ್ನು ಅವರಿಗೆ ಕೇಳಿಸಿ ನೋಡೋಣ, ಖಾತ್ರಿ ಹೇಳಲಾರೆ, ಪ್ರಯತ್ನ ಮಾಡಬಹುದು ಅಂದಳು. ಭಾವನ ಮುಖ ಅರಳಿತು.

"ಇಪ್ಪತ್ತು ವರ್ಷದ್ದಿದೆ ನನ್ನ ಹತ್ರ. ಎಷ್ಟು ಬೇಕು ಹೇಳಿ."

ಅದರಲ್ಲಿ ಅಕ್ಕನ ಮಾತೇ ಇಲ್ಲವೆಂದು ನನಗೆ ಆಗಲೇ ಹೊಳೆಯಿತು. ಅವರಿಗೆ ಇನ್ನೂ ಹೊಳೆದಿರಲಿಲ್ಲ.

ಕೆಲಸಕ್ಕೆ ರಜೆ ಹಾಕಿ ಹುಡುಕಲು ಕೂತರು. ಅಕ್ಕ ಕಸ ಗುಡಿಸಿದ್ದು ಸಿಕ್ಕಿತು, ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದದ್ದು ಸಿಕ್ಕಿತು, ಸೀನಿದ್ದು, ಕೆಮ್ಮಿದ್ದು, ಹಳೇ ಕಪಾಟಿನ ಬಾಗಿಲನ್ನು ಮೊಣಕಾಲಿಂದ ದೂಡಿದ್ದು, ಎಲ್ಲ ಸಿಕ್ಕಿತು. ಮಾತು ಮಾತ್ರ ಇಲ್ಲ. ಅಳಿಸಿದ್ದು ವಾಪಸು ಬರಬಹುದೇನೋ ಅಂತ ಡಿಸ್ಕುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅಂಗಡಿ ಅಂಗಡಿ ಅಲೆದರು. ಅದರ ಮೇಲೆ ಬೇರೆಯದು ಎಷ್ಟೋ ಸಲ ತುಂಬಿದೆ, ಏನೂ ಮಾಡೋಕಾಗಲ್ಲ ಅಂದರು ಎಲ್ಲರೂ. ಅಕ್ಕನ ಮಗಳು ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ. ಅವಳೂ ತನ್ನ ಫೋನು ಜಾಲಾಡಿದಳು. ಅಕ್ಕ ಕಾಣುವ ವಿಡಿಯೋ ಸಿಕ್ಕಿದ್ದು ಒಂದೇ, ಮೊಮ್ಮಗು ಮೊದಲು ಹೆಜ್ಜೆಯಿಟ್ಟ ದಿನದ್ದು. ಅದರಲ್ಲಿ ಅಕ್ಕ ಮಗುವನ್ನು ಕರೆಯಲು ಬಾಯಿ ತೆರೆಯುತ್ತಾಳೆ, ಪಕ್ಕದಿಂದ ಭಾವನ ಅಂಗೈ ಅಡ್ಡ ಬರುತ್ತದೆ. ಆ ಪುಟ್ಟ ಪಾದಗಳ ಸದ್ದು ಅವರಿಗೆ ಬೇಕಾಗಿತ್ತು.

ಮತ್ತೊಂದು ದಿನ ನಾನು ಹೋದಾಗ ಭಾವ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದರು. ಅಕ್ಕ ಉಸಿರೆಳೆದುಕೊಳ್ಳುವುದು ಕೇಳಿಸಿತು, ಅಲ್ಲಿಗೆ ನಿಂತಿತು. ಮತ್ತೆ ಒಂದು ಉಸಿರು, ಮತ್ತೆ ನಿಂತಿತು. ಮಾತು ಶುರುವಾಗುವ ಕಡೆಯೇ ಸರಿಯಾಗಿ ಕತ್ತರಿಸಿದ್ದರು. ಅಂಥವನ್ನೆಲ್ಲ ಹುಡುಕಿ ಒಟ್ಟು ಮಾಡಿಟ್ಟಿದ್ದರು.

"ನೋಡು, ಇಲ್ಲಿ ಏನೋ ಹೇಳೋಕೆ ಹೊರಟಿದ್ದಾಳೆ," ಅಂದರು. "ಏನು ಅಂತ ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ ಕಣೋ."

ಇಪ್ಪತ್ತು ವರ್ಷದ ಸಿಟ್ಟು ನನ್ನ ನಾಲಿಗೆ ತುದಿಯಲ್ಲಿತ್ತು. ಆದರೆ ಮನುಷ್ಯ ಮಗುವಿನ ಹಾಗೆ ಅಳುತ್ತಿದ್ದರು, ನುಂಗಿಕೊಂಡೆ.

ಹಳೆಯದು ಇಲ್ಲದಿದ್ದರೆ ಹೋಗಲಿ, ಈಗ ಮನೆಯಲ್ಲಿ ಅವರ ಬಾಯಿಂದ ಏನು ಹೊರಡುತ್ತದೋ ಅದನ್ನೇ ರೆಕಾರ್ಡ್ ಮಾಡಿ, ಕೇಳಿ ನೋಡುತ್ತೇನೆ ಅಂದಳು ಥೆರಪಿಸ್ಟ್. ಅಷ್ಟು ಹೊತ್ತಿಗೆ ಅಕ್ಕ, ನಾವು ಅವಳ ತಲೆ ಬಾಚುವಾಗ, ತಿನ್ನಿಸುವಾಗ, ಆ ಅಂತಲೋ ಮ ಅಂತಲೋ ಏನೋ ದನಿ ತೆಗೆಯುತ್ತಿದ್ದಳು. ಮರುದಿನ ಬೆಳಿಗ್ಗೆ ನಾನೂ ಅಲ್ಲಿದ್ದಾಗ ಭಾವ ಮೇಜಿನ ಮೇಲೆ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದರು. ಅಕ್ಕ ಅದನ್ನು ನೋಡಿದಳು. ತುಟಿ ಬಿಗಿಯಾಗಿ ಮುಚ್ಚಿಕೊಂಡಳು. ಆಮೇಲೆ ಎಡಗೈಯಿಂದ ಚಮಚ ಎತ್ತಿ ಲೋಟಕ್ಕೆ ಟಿಣ್ ಅಂತ ಬಡಿದಳು. ಸದ್ದು ಪೂರ್ತಿ ಅಡಗುವ ತನಕ ಕಾದು ಇನ್ನೊಮ್ಮೆ ಬಡಿದಳು. ಗಂಡನಿಗೆ ಸದ್ದು ಬೇಕಾಗಿದೆ ಅಂದುಕೊಂಡಿದ್ದಳು ನನ್ನಕ್ಕ.

"ಅದು ಬೇಡ ಕಣೇ," ಅಂದರು ಭಾವ. "ನಿನ್ನ ದನಿ ಬೇಕು ನನಗೆ. ಏನಾದ್ರೂ ಮಾತಾಡು. ಬೈಯಿ ಬೇಕಾದ್ರೆ."

ಭಾವ ಕೈ ಮುಗಿದರು. ಅವಳು ಬಾಯಿ ಬಿಡಲಿಲ್ಲ, ಚಮಚವನ್ನೂ ಬಿಡಲಿಲ್ಲ. ಕೊನೆಗೆ ಅವರು ಸೋತು ರೆಕಾರ್ಡರ್ ಆರಿಸಿದರು. ಅಕ್ಕ ಚಮಚ ಕೆಳಗಿಟ್ಟಳು.

"ಆಯ್ತಾ?" ಅಂದಳು.

ಸ್ಪಷ್ಟವಾಗಿ, ಅವಳದೇ ದನಿಯಲ್ಲಿ. ಪ್ರತಿ ರೆಕಾರ್ಡಿಂಗ್ ಮುಗಿದಾಗಲೂ ಅವಳು ಕೇಳುತ್ತಿದ್ದ ಮಾತು ಅದು. ಭಾವ ಗಡಬಡಿಸಿ ಮತ್ತೆ ಗುಂಡಿ ಒತ್ತಿ, ಇನ್ನೊಂದ್ಸಲ ಹೇಳು ಅಂತ ಗೋಗರೆದರು. ಅವಳು ಬಾಯಿ ಮುಚ್ಚಿಕೊಂಡು ಚಮಚಕ್ಕೆ ಕೈಹಾಕಿದಳು. ನಾನೇ ಹೋಗಿ ಆ ಯಂತ್ರವನ್ನು ಕಿತ್ತುಕೊಂಡು ಬೇರೆ ಕೋಣೆಯಲ್ಲಿಟ್ಟು ಬಂದೆ.

ಆಮೇಲೆ ಎಷ್ಟೋ ತಿಂಗಳಾಯಿತು. ಬೇರೆ ಮಾತು ಬರಲಿಲ್ಲ, ಇನ್ನು ಬರುವುದು ಕಷ್ಟ ಅಂತಿದ್ದಾರೆ. ಅಕ್ಕನಿಗೆ ಉಳಿದಿರುವುದು ಅದೊಂದೇ. ನೀರು ಬೇಕಾದರೂ ಆಯ್ತಾ, ನೋವಾದರೂ ಆಯ್ತಾ, ಫೋನಿನಲ್ಲಿ ಮಗಳ ಮುಖ ಕಂಡು ಕಣ್ಣು ತುಂಬಿದರೂ ಆಯ್ತಾ. ಭಾವ ಅವಳ ಪಕ್ಕ ಬಿಟ್ಟು ಏಳುವುದಿಲ್ಲ. ಅವಳು ಕೇಳಿದಾಗಲೆಲ್ಲ, ಆಯ್ತು ಕಣೇ, ಎಲ್ಲಾ ಆಯ್ತು, ಇನ್ನು ಮಾತಾಡು ಅನ್ನುತ್ತಾರೆ. ಅವಳು ಅವರನ್ನೇ ನೋಡುತ್ತಾಳೆ, ಮತ್ತೆ ಕೇಳುತ್ತಾಳೆ.