ಬಸ್ಸಿನ ಹೊಟ್ಟೆಗೆ ಹಿತ್ತಾಳೆಯ ನಲ್ಲಿ

ನನ್ನ ಗಂಡನ ಕೈ ನಡುಗುತ್ತದೆ ಎಂದು ಮೊದಲು ಗೊತ್ತಾದದ್ದು ಚಹಾದಿಂದ. ಅವರು ಚಹಾವನ್ನು ಸಾಸರಿಗೆ ಹೊಯ್ದು ಕುಡಿಯುವವರು. ಒಂದು ದಿನ ಗ್ಲಾಸಿನಲ್ಲೇ ಇರಲಿ ಎಂದರು. ಗ್ಲಾಸನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಆಮೇಲೆ ಮನೆಯಲ್ಲಿ ಗಡ್ಡ ಹೆರೆದುಕೊಳ್ಳುವುದನ್ನು ಬಿಟ್ಟು ಕ್ಷೌರಿಕನ ಹತ್ತಿರ ಹೋಗತೊಡಗಿದರು. ನಾನು ಕೇಳಲಿಲ್ಲ. ಕೇಳಿದರೆ ರೇಗುತ್ತಿದ್ದರು, ಅಷ್ಟೆ.

ಆಗ ನಾವು ಫಳ್ನೀರಿನಲ್ಲಿ ಬಾಡಿಗೆ ಮನೆಯಲ್ಲಿ ಇದ್ದೆವು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ನಾನು ಬಂದರಿನ ಹತ್ತಿರದ ತೆಂಗಿನೆಣ್ಣೆ ಮಿಲ್ಲಿನಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಅವರು ಕೊಡಿಯಾಲ್‌ಬೈಲಿನ ಬಸ್ ಶೆಡ್ಡಿನಲ್ಲಿ ಮೇಸ್ತ್ರಿ. ನಾಲ್ಕು ಬಸ್ಸುಗಳು. ಧಣಿ ಬಂದರಿನಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ, ನಮಾಜು ತಪ್ಪಿಸದ ಮನುಷ್ಯ. ಕೆಲಸದವರಿಗೆ ಬಯ್ಯುವವರಲ್ಲ, ಆದರೆ ಕುಡಿದು ಬಂದವನನ್ನು ಒಂದು ದಿನವೂ ಇಟ್ಟುಕೊಳ್ಳುವವರಲ್ಲ.

ಅದೇ ನಮ್ಮ ಕಷ್ಟ. ನನ್ನ ಗಂಡ ಕುಡಿಯುತ್ತಿರಲಿಲ್ಲ. ಆದರೆ ನಡುಗುವ ಕೈಯನ್ನು ಕಂಡರೆ ಊರಿಗೆ ಇರುವುದು ಒಂದೇ ಯೋಚನೆ. ಸರಕಾರ ಕುಡಿತ ಬಂದ್ ಮಾಡಿತ್ತು, ಕಳ್ಳಭಟ್ಟಿ ಸಿಗದ ಓಣಿ ಮಾತ್ರ ಇರಲಿಲ್ಲ. ಡಾಕ್ಟರು ನೋಡಿ ಇದು ನರದ್ದು, ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ ಎಂದರು. ಕೆಂಪು ಟಾನಿಕ್ ಕೊಟ್ಟರು. ಅದರಿಂದ ಹಸಿವು ಹೆಚ್ಚಾಯಿತು, ಕೈ ಹಾಗೆಯೇ ಇತ್ತು.

ಅವರು ಉಪಾಯ ಮಾಡಿದರು. ಎಂಜಿನು ಬಿಚ್ಚುವ ಸೂಕ್ಷ್ಮದ ಕೆಲಸವನ್ನೆಲ್ಲ ಕೈಕೆಳಗಿನ ಫಿಟ್ಟರಿಗೆ ಕೊಟ್ಟು, ಎಣ್ಣೆ ಬದಲಿಸುವ ಕೊಳಕು ಕೆಲಸವನ್ನು ತಾವು ಹಿಡಿದರು. "ಎಣ್ಣೆಯ ಬೋಲ್ಟನ್ನು ಈ ಹುಡುಗ್ರು ಸಡಿಲ ಬಿಡ್ತಾರೆ, ಅದು ನನ್ನ ಕೈಯಲ್ಲೇ ಆಗ್ಬೇಕು" ಎಂದು ಧಣಿಗೆ ಹೇಳಿದರು. ಧಣಿಗೆ ಸಂತೋಷವಾಯಿತು. ಮೇಸ್ತ್ರಿಯಾದರೂ ಬಸ್ಸಿನ ಅಡಿಗೆ ಮಲಗಲು ನಾಚುವುದಿಲ್ಲ ಎಂದು ನಾಲ್ಕು ಜನರ ಎದುರು ಹೊಗಳಿದರು.

ಎಂಜಿನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಇರುತ್ತದೆ. ಅದರ ಬೋಲ್ಟನ್ನು ಬಿಚ್ಚಿದರೆ ಕರಿ ಎಣ್ಣೆ ಬಿಸಿಬಿಸಿ ಸುರಿಯುತ್ತದೆ. ನೆಟ್ಟಗಿನ ಕೈಯವನು ಬೋಲ್ಟನ್ನು ಬೆರಳಲ್ಲೇ ಹಿಡಿದು ಪಕ್ಕಕ್ಕೆ ಸರಿಯುತ್ತಾನೆ. ಇವರ ಕೈಯಿಂದ ಬೋಲ್ಟು ಎಣ್ಣೆ ಹಿಡಿಯಲು ಇಟ್ಟ ಡಬ್ಬಿಯೊಳಗೆ ಬೀಳುತ್ತಿತ್ತು, ಎಣ್ಣೆ ಮೊಣಕೈವರೆಗೆ ಇಳಿಯುತ್ತಿತ್ತು. ಮನೆಗೆ ಬಂದ ಮೇಲೆ ಸೀಮೆಎಣ್ಣೆಯಿಂದಲೂ ಬೂದಿಯಿಂದಲೂ ನಾನು ಉಜ್ಜುತ್ತಿದ್ದೆ. ಮಣಿಕಟ್ಟಿನಲ್ಲಿ ಗುಳ್ಳೆಗಳು ಇರುತ್ತಿದ್ದವು.

ಒಂದು ಸಲ ಬೋಲ್ಟನ್ನು ಓರೆಯಾಗಿ ಹತ್ತಿಸಿ ತಿರುಗಿಸಿಬಿಟ್ಟರು. ಚೇಂಬರಿನ ತೂತಿನ ತ್ರೆಡ್, ಬೋಲ್ಟು ಕಚ್ಚುವ ಸುರುಳಿ ಗೆರೆ, ತಿಂದುಹೋಯಿತು. ಬಸ್ಸು ಸುರತ್ಕಲ್‌ಗೆ ಹೋಗಿ ಬರುವಷ್ಟರಲ್ಲಿ ದಾರಿಯುದ್ದಕ್ಕೂ ತೊಟ್ಟಿಕ್ಕಿತ್ತು. ಹಳೇ ಗಾಡಿ, ಸವೆದಿದೆ ಎಂದು ಧಣಿಗೆ ಹೇಳಿ ತಪ್ಪಿಸಿಕೊಂಡರು. ಮನೆಗೆ ಬಂದು ಊಟ ಮಾಡದೆ ಗೋಡೆಗೆ ಮುಖ ಹಾಕಿ ಮಲಗಿದರು.

ನಲ್ಲಿಯ ಯೋಚನೆ ನನ್ನದು. ನಮ್ಮ ಮಿಲ್ಲಿನ ಪೀಪಾಯಿಗಳಿಗೆ ಅಡಿಯಲ್ಲಿ ಹಿತ್ತಾಳೆಯ ನಲ್ಲಿ ಇತ್ತು. ಅದರ ಕಿವಿಯನ್ನು ಸ್ವಲ್ಪ ತಿರುಗಿಸಿದರೆ ಎಣ್ಣೆ ಬರುತ್ತದೆ, ಹಿಂದಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಬಿಚ್ಚುವುದಿಲ್ಲ, ಬೀಳುವುದಿಲ್ಲ.

"ಬಸ್ಸಿಗೂ ಅಂಥದ್ದು ಒಂದು ಹಾಕಿದ್ರೆ ಆಗೂದಿಲ್ವಾ?" ಎಂದೆ. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

"ನಿನಗೆಂತ ಗೊತ್ತುಂಟು, ಬಸ್ಸೆಂದ್ರೆ ಪೀಪಾಯಿಯಾ?" ಎಂದು ಬಯ್ದರು. ಮರುದಿನ ಕಬ್ಬಿಣ ಕೊರೆಯುವ ಲೇತಿನವನ ಹತ್ತಿರ ಹೋದರು.

ಲೇತಿನವನು ನಾನು ಮಿಲ್ಲಿನಿಂದ ಕೇಳಿ ತಂದ ಹಳೆಯ ನಲ್ಲಿಗೆ ತ್ರೆಡ್ ಕೊರೆದು, ಚೇಂಬರಿನ ತೂತನ್ನೂ ಹಿಗ್ಗಿಸಿ ಕೂರಿಸಿಕೊಟ್ಟ. ಹೋಗುವಾಗ ಎಚ್ಚರಿಕೆ ಹೇಳಿದ. "ಮೇಸ್ತ್ರಿ, ಕಿವಿಯನ್ನು ತಂತಿಯಲ್ಲಿ ಬಿಗಿದು ಕಟ್ಟದೆ ಗಾಡಿ ಬಿಡ್ಬೇಡಿ. ಗುಂಡಿಯ ಪೆಟ್ಟಿಗೆ ತಿರುಗಿತು ಅಂತಾದ್ರೆ ಎಣ್ಣೆಯೆಲ್ಲ ರಸ್ತೆಯಲ್ಲಿ, ಎಂಜಿನು ಗುಜರಿಯಲ್ಲಿ."

ತಂತಿ ಕಟ್ಟುವುದು ಇವರಿಂದಾಗುವ ಕೆಲಸವಲ್ಲ. ಸಪೂರ ತಂತಿ, ಸಣ್ಣ ತೂತು. ಎಣ್ಣೆ ಬದಲಿಸುವುದನ್ನು ಇವರು ಆದಿತ್ಯವಾರಕ್ಕೆ ಇಟ್ಟುಕೊಂಡರು, ಹಾಗಾಗಿ ಪ್ರತಿ ಆದಿತ್ಯವಾರ ನಾನು ಗಂಜಿ ಹಿಡಿದುಕೊಂಡು ಶೆಡ್ಡಿಗೆ ಹೋಗತೊಡಗಿದೆ. ಮಿಲ್ಲಿಗೆ ಅಂದು ರಜೆ. ಹೆಂಗಸು ಬಸ್ಸಿನ ಅಡಿಗೆ ಹೋಗಲು ಒಂದು ನೆವ ಬೇಕಲ್ಲ, ಹಳೆ ಎಣ್ಣೆ ತೆಗೆದುಕೊಂಡು ಹೋಗಲು ಬಂದಿದ್ದೇನೆ, ಮನೆಯ ಮರಕ್ಕೆ ಗೆದ್ದಲು ಹಿಡಿದಿದೆ ಎಂದೆ. ಡಬ್ಬಿಯನ್ನು ಎಳೆಯುವ ಹಾಗೆ ಮಾಡಿ ಅಡಿಗೆ ನುಸುಳಿ ತಂತಿ ಕಟ್ಟಿ ಬರುತ್ತಿದ್ದೆ.

ಡ್ರೈವರುಗಳು ನಗುತ್ತಿದ್ದರು. ಒಬ್ಬ ಕೇಳಿದ, "ಅಕ್ಕ, ಅಡಿಯಲ್ಲಿ ಎಂತ ಹುಡುಕ್ತಾ ಇದ್ದೀರಿ, ಬೆಂಡೋಲೆ ಬಿತ್ತಾ?"

"ನಿನ್ನ ಬುದ್ಧಿ ಇಲ್ಲಿ ಬಿದ್ದಿದೆ ಅಂತ ಹೇಳಿದ್ರು. ಕಾಣೂದಿಲ್ಲ ಮಾರಾಯ," ಎಂದೆ.

"ಮೇಸ್ತ್ರಿ ಬಸ್ಸಿಗೆ ಮೂಗುಬೊಟ್ಟು ಹಾಕಿದ್ದಾರೆ, ಇನ್ನು ಮದುವೆ ಮಾಡಿಸೂದು ಯಾವಾಗ?" ಎಂದು ಇನ್ನೊಬ್ಬ. ಇವರೂ ನಕ್ಕರು. ಬಹಳ ದಿನಗಳ ಮೇಲೆ ಅವರು ನಕ್ಕದ್ದು ಅದು.

ನೆವ ಹೇಳಿದ ಮೇಲೆ ಎಣ್ಣೆಯನ್ನು ಹೊರಲೇಬೇಕು. ಜಂತಿಗೆ ಬಳಿದೆ, ಬಾಗಿಲಿಗೆ ಬಳಿದೆ, ಮಂಚದ ಕಾಲಿಗೆ, ಬೆಂಚಿಗೆ, ಒನಕೆಯ ಮೇಲಿನ ತುದಿಗೂ ಬಳಿದೆ. ಮನೆ ಬಸ್ಸಿನ ಹಾಗೆ ನಾರುತ್ತಿತ್ತು. ಬಳಿಯಲು ಮರ ಮುಗಿದ ಮೇಲೆ ನೆರೆಯವರ ಬಾಗಿಲಿಗೂ ಬಳಿದು ಕೊಟ್ಟೆ.

ಒಂದು ಆದಿತ್ಯವಾರ ಧಣಿ ಅಲ್ಲೇ ಇದ್ದರು. ಬಗ್ಗಿ ನೋಡಿದರು. ಇವರು ಕಿವಿ ತಿರುಗಿಸಿದರು, ಎಣ್ಣೆ ನೇರ ಡಬ್ಬಿಗೆ ಇಳಿಯಿತು, ನೆಲಕ್ಕೆ ಒಂದು ಹನಿ ಇಲ್ಲ.

"ಇದು ಯಾರ ತಲೆ ಮೇಸ್ತ್ರಿ?"

"ನನ್ನದೇ," ಎಂದರು ಇವರು. ನನ್ನ ಕಡೆ ನೋಡಲಿಲ್ಲ. ನನಗೂ ಅದು ಬೇಡವಾಗಿತ್ತು.

ಉಳಿದ ಮೂರು ಬಸ್ಸಿಗೂ ನಲ್ಲಿ ಬಂತು. ಒಂದು ಮಳೆಗಾಲ ಕಳೆಯುವ ತನಕ ನಮಗೆ ಒಳ್ಳೆಯದೇ ಆಯಿತು. ಗುಳ್ಳೆಗಳು ಮಾಯವಾದವು. ಕೈಯ ವಿಷಯ ಯಾರಿಗೂ ತಿಳಿಯಲಿಲ್ಲ. ಇನ್ನು ಹೀಗೇ ಸಾಗುತ್ತದೆ ಎಂದು ನಾನು ಎಣಿಸಿದ್ದೆ. ಎಣಿಸಿದ್ದು ತಪ್ಪು.

ಎಂಜಿನು ನೋಡುತ್ತಿದ್ದ ಆ ಫಿಟ್ಟರಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು, ಹೋದ. ಮುಂದಿನ ಆದಿತ್ಯವಾರ ಧಣಿ ಬಂದು ಮರದ ಪೆಟ್ಟಿಗೆಯ ಮೇಲೆ ಕುಳಿತರು. ನಾನು ಅತ್ತ ಕಡೆ ಗಂಜಿಯ ಪಾತ್ರೆ ತೊಳೆಯುತ್ತಿದ್ದೆ.

"ಮೇಸ್ತ್ರಿ, ಇನ್ನು ನೀವು ಅಡಿಗೆ ಮಲಗೂದು ಬೇಡ. ಈ ನಲ್ಲಿ ಇರುವಾಗ ಎಣ್ಣೆ ಬಿಡ್ಲಿಕ್ಕೆ ಮೇಸ್ತ್ರಿ ಯಾಕೆ? ಡ್ರೈವರುಗಳೇ ಬಿಡ್ಲಿ, ಅವ್ರೇ ಕಟ್ಲಿ. ನಿಮ್ಮ ಕೈ ಎಂಜಿನಿಗೆ ಬೇಕು. ನಾಳೆ ಸುರತ್ಕಲ್ ಬಸ್ಸಿನ ಟ್ಯಾಪೆಟ್ ಹೊಂದಿಸಿ ಕೊಡಿ, ಟಕಟಕ ಶಬ್ದ ಬರ್ತಾ ಉಂಟು."

ಧಣಿ ಗೌರವದಿಂದಲೇ ಹೇಳಿದ್ದು. ಇವರು "ಆಯ್ತು" ಎಂದರು.

ಟ್ಯಾಪೆಟ್ ಹೊಂದಿಸುವುದೆಂದರೆ ಕಾಗದದಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ಎಂಜಿನಿನ ವಾಲ್ವಿನ ಸಂದಿಗೆ ತೂರಿಸಿ ಅಳೆಯಬೇಕು, ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಸ್ಕ್ರೂಡ್ರೈವರು. ಮೊದಲೆಲ್ಲ ಇವರು ಅದನ್ನು ಹಾಡು ಗುನುಗುತ್ತಾ ಮಾಡುತ್ತಿದ್ದರು. ಆ ಪಟ್ಟಿಯನ್ನು ನಾನು ಡಬ್ಬಿ ಎಳೆಯುವ ನೆವದಲ್ಲಿ ಹಿಡಿದು ಕೊಡಲಾಗುತ್ತದೆಯೇ?

ಧಣಿ ಹೋದ ಮೇಲೆ ಹೇಳಿದೆ, "ಇದ್ದದ್ದನ್ನು ಹೇಳಿಬಿಡಿ. ರೋಗ ಅಂತ ಹೇಳಿ. ಡಾಕ್ಟ್ರ ಚೀಟಿ ಉಂಟಲ್ಲ."

"ನಿನ್ನೆವರೆಗೆ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರೆ? ಅಡಗಿಸಿದವನು ಕುಡಿಯುವವನೇ ಅಂತಾರೆ."

"ಹಾಗಾದ್ರೆ ಜ್ವರ ಅಂತ ಮಲಗಿ."

"ಎಷ್ಟು ದಿನ ಮಲಗೂದು, ಹೇಳು."



ಅಂದು ಒಂದು ಬಸ್ಸಿನ ತಂತಿ ಕಟ್ಟುವುದು ಬಾಕಿ ಇತ್ತು. ಅಡಿಗೆ ಹೋದೆ. ಅಂಗಾತ ಮಲಗಿ ನಲ್ಲಿಯನ್ನು ನೋಡುತ್ತಾ ಒಂದು ಯೋಚನೆ ಬಂತು. ಕಟ್ಟದೆ ಬಿಟ್ಟರೆ? ನಾಳೆ ದಾರಿಯಲ್ಲಿ ಎಣ್ಣೆ ಹೋಗುತ್ತದೆ, ನಲ್ಲಿಗೆ ಕೆಟ್ಟ ಹೆಸರು ಬರುತ್ತದೆ, ಎಲ್ಲವನ್ನೂ ಕಿತ್ತು ಮತ್ತೆ ಬೋಲ್ಟು ಹಾಕುತ್ತಾರೆ. ಎಣ್ಣೆಯ ಕೆಲಸ ಮತ್ತೆ ಇವರಿಗೆ. ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಸುಮಾರು ಹೊತ್ತು ಮಲಗಿಯೇ ಇದ್ದೆ. ಪಕ್ಕದಲ್ಲಿ ಇವರ ಕಾಲು ಕಾಣುತ್ತಿತ್ತು.

"ಆಯ್ತಾ?" ಎಂದರು.

ಕಟ್ಟಿದೆ. ದೊಡ್ಡ ಮನಸ್ಸಿನಿಂದ ಕಟ್ಟಿದ್ದಲ್ಲ. ಎಂಜಿನು ಹೋದರೆ ನಲ್ಲಿ ಹಾಕಿದವರು ಯಾರೆಂದು ಕೇಳುತ್ತಾರೆ, "ನನ್ನದೇ" ಎಂದು ಇವರು ಹೇಳಿ ಆಗಿತ್ತು. ಯಾವ ಕಡೆಗೆ ತಿರುಗಿದರೂ ಗೋಡೆ.

ಸೋಮವಾರ ಹತ್ತು ಗಂಟೆಗೆ ಕಾವಲಿನವನು ಮಿಲ್ಲಿನೊಳಗೆ ಬಂದು, ನಿನ್ನ ಗಂಡ ಗೇಟಿನಲ್ಲಿ ನಿಂತಿದ್ದಾರೆ ಎಂದ. ಹೋದೆ. ಇವರು ಕೈ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು.

ಪಟ್ಟಿ ಒಂದು ಸಲ ಬಿತ್ತಂತೆ. ಎರಡನೆಯ ಸಲವೂ ಬಿತ್ತಂತೆ. ಮೂರನೆಯ ಸಲ ಧಣಿಯೇ ಹೆಕ್ಕಿ ಕೊಡಲು ಬಂದರು, ಕೈಯನ್ನು ನೋಡಿದರು. ಮಣಿಕಟ್ಟನ್ನು ಹಿಡಿದುಕೊಂಡರು, ಹಿಡಿದ ಮೇಲೂ ಅದು ನಡುಗುತ್ತಲೇ ಇತ್ತು. ಆಮೇಲೆ ಮುಖದ ಹತ್ತಿರ ಬಂದು ಮೂಸಿದರು.

"ವಾಸನೆ ಬಂತಂತಾ?"

"ಇಲ್ಲದ್ದು ಎಲ್ಲಿಂದ ಬರ್ತದೆ?"

"ಮತ್ತೆ ಎಂತ ಹೇಳಿದ್ರು?"

"ಎಂತ ಹೇಳ್ಲಿಲ್ಲ. ಕಣ್ಣು ಒರಸಿಕೊಂಡ್ರು. ಇನ್ನು ಕೆಲಸಕ್ಕೆ ಬರೂದು ಬೇಡ, ಮನೆಗೆ ಹೋಗಿ ಮೇಸ್ತ್ರಿ ಅಂದ್ರು."

ಬಯ್ದಿದ್ದರೆ ನಾನು ಹೋಗಿ ಜಗಳ ಮಾಡುತ್ತಿದ್ದೆ. ಕಣ್ಣು ಒರಸಿಕೊಂಡವರ ಹತ್ತಿರ ಏನು ಜಗಳ?

ಅಷ್ಟರಲ್ಲಿ ಬಂದರಿನ ರಸ್ತೆಯಲ್ಲಿ ನಾನು ನಿನ್ನೆ ಕಟ್ಟಿದ ಬಸ್ಸು ಬಂತು. ಜನ ತುಂಬಿತ್ತು. ಡ್ರೈವರು ಇವರನ್ನು ಕಂಡು ಹಾರ್ನ್ ಹೊಡೆದ. ಇವರು ಕೈ ಎತ್ತಲಿಲ್ಲ. ಬಸ್ಸು ದಾಟುವಾಗ ಮೊಣಕಾಲಿನವರೆಗೆ ಬಗ್ಗಿ ಅದರ ಅಡಿಯನ್ನು ನೋಡಿದರು.

"ತಂತಿ ಸರಿ ಉಂಟು," ಎಂದರು.

ಆರಿಸುವ ಕೊಬ್ಬರಿ ಇನ್ನೂ ಎರಡು ಗೋಣಿ ಬಾಕಿ ಇತ್ತು. ನಾನು ಒಳಗೆ ಹೋದೆ. ಸಂಜೆ ಹೊರಗೆ ಬಂದಾಗ ಅವರು ಗೇಟಿನ ಹತ್ತಿರ ಅಲ್ಲೇ ಕುಳಿತಿದ್ದರು.