ಅಡಿಯಲ್ಲಿದ್ದ ಸಣ್ಣಕ್ಷರ

ಬೇಲೂರಿನ ಬಸ್ಸು ಬಂದುಹೋದ ಅರ್ಧ ಗಂಟೆಗೆ ಅಂಚೆಯವನು ಹಳೇಬೀಡಿನ ನಮ್ಮ ಬೀದಿಗೆ ಬರುತ್ತಿದ್ದ. ಆ ಹೊತ್ತಿಗೆ ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತಿರುತ್ತಿದ್ದೆ. ಅವನು ನಮ್ಮ ಬಾಗಿಲು ದಾಟಿ ಹೋದರೆ ಉಸಿರು ಬಿಡುತ್ತಿದ್ದೆ. ನಿಂತರೆ ಕೈ ಒರೆಸಿಕೊಂಡು ಹೊರಗೆ ಬರಲೇಬೇಕಾಗುತ್ತಿತ್ತು.

"ಅಮ್ಮಾರೇ, ಸೀಮೆ ಲಕೋಟೆ ಬಂದೈತೆ! ಸ್ವಾಮ್ಯೋರಿಗೆ ಹಬ್ಬ ಅನ್ನಿ," ಎಂದು ಅವನು ನಗುತ್ತ ಕೊಡುತ್ತಿದ್ದ. ಹಬ್ಬ ಅಣ್ಣನಿಗೆ. ನನಗಲ್ಲ.

ನನ್ನ ಅಣ್ಣ ಬೇಲೂರಿನ ಆಚೆ ಒಂದು ಕಾಫಿ ತೋಟದಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ತೋಟದ ದೊರೆ ಸೀಮೆಗೆ ಹೋಗುವಾಗ ಅವನ ಮಾತು ಕೇಳಿ ಅಣ್ಣ ತನ್ನ ಉಳಿತಾಯವನ್ನೆಲ್ಲ ಒಂದು ಬ್ಯಾಂಕಿನ ಶೇರುಗಳಿಗೆ ಹಾಕಿದ. ಲಂಡನ್ನಿನ ಬ್ಯಾಂಕು. ದೊಡ್ಡ ಮನುಷ್ಯರ ಆಸ್ತಿ ನೋಡಿಕೊಳ್ಳುವುದು ಅದರ ಕಸುಬು. ರಂಗೂನು, ಸಿಂಗಪುರ, ಕೊಲಂಬೊ, ಎಲ್ಲ ಕಡೆ ಅದಕ್ಕೆ ಶಾಖೆಗಳಿದ್ದವು. ತನ್ನ ಲಾಭದಲ್ಲಿ ಪಾಲುದಾರರಿಗೆಂದು ಆರು ತಿಂಗಳಿಗೊಮ್ಮೆ ಒಂದು ಭಾಗ ಕಳಿಸುತ್ತಿತ್ತು. ಅದಕ್ಕೆ ಡಿವಿಡೆಂಡ್ ಎನ್ನುತ್ತಾರೆ. ಅತ್ತಿಗೆ ತೀರಿಕೊಂಡಿದ್ದರು. ಗಂಡ ಸತ್ತ ಮೇಲೆ ನಾನು ಅಣ್ಣನ ಮನೆ ಸೇರಿದ್ದೆ. ನಾವಿಬ್ಬರೂ ಉಣ್ಣುತ್ತಿದ್ದುದು ಆ ಡಿವಿಡೆಂಡಿನಿಂದಲೇ. ಬೇರೆ ಏನೂ ಇರಲಿಲ್ಲ.

ಐವತ್ತು ದಾಟುವ ಮೊದಲೇ ಅಣ್ಣನ ಕಣ್ಣು ಹೋಯಿತು. ನಾನು ಓದಿದ್ದು ಕನ್ನಡ ಮೂರನೆಯ ತರಗತಿ. ಇಂಗ್ಲಿಷ್ ಬಾರದು. ಆದರೆ ಅಣ್ಣ ಹಟ ಹಿಡಿದು ನನಗೆ ಇಪ್ಪತ್ತಾರು ಅಕ್ಷರ ಕಲಿಸಿದ. ಬ್ಯಾಂಕಿನ ಕಾಗದ ಬಂದಾಗ ನಾನು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳುವುದು, ಅವನು ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಜೋಡಿಸಿ ಮಾತು ಮಾಡಿಕೊಳ್ಳುವುದು. ನಾನು ಹೇಳಿದ್ದು ಏನೆಂದು ನನಗೇ ತಿಳಿಯುತ್ತಿರಲಿಲ್ಲ. ಒಂದು ಅಕ್ಷರ ತಪ್ಪಿದರೆ ಅವನು ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದ.

"ಬಿನೋ ಡಿನೋ, ಸರಿಯಾಗಿ ನೋಡೇ! ಅಕ್ಷರದ ಹೊಟ್ಟೆ ಯಾವ ಕಡೆಗಿದೆ?"

ಆ ಕುಟ್ಟುವ ಸದ್ದಿಗೆ ನಾನು ಮುಂದಿನ ಅಕ್ಷರವನ್ನೂ ತಪ್ಪುತ್ತಿದ್ದೆ. ವರ್ಷಕ್ಕೊಮ್ಮೆ ಬರುವ ವರದಿಯ ಪುಸ್ತಕವಂತೂ ಮುಗಿಯಲು ನಾಲ್ಕೈದು ಮಧ್ಯಾಹ್ನ ಬೇಕಾಗುತ್ತಿತ್ತು.

ಬ್ಯಾಂಕನ್ನು ಅಳೆಯಲು ಅಣ್ಣನದೇ ಒಂದು ಕ್ರಮವಿತ್ತು. ಎಷ್ಟು ವರ್ಷದಿಂದ ತಪ್ಪದೆ ಡಿವಿಡೆಂಡ್ ಕೊಟ್ಟಿದೆ, ಲಾಭದಲ್ಲಿ ಎಷ್ಟು ಹಂಚಿ ಎಷ್ಟು ಉಳಿಸಿಕೊಂಡಿದೆ, ಇದನ್ನು ಮೊದಲು ಕೇಳುತ್ತಿದ್ದ. ಕೊನೆಗೆ, ಕೊಟ್ಟದ್ದು ಆ ವರ್ಷದ ಸಂಪಾದನೆಯಿಂದಲೋ ಹಳೆಯ ಗಂಟು ಬಿಚ್ಚಿಯೋ ಎಂದು. "ಗಂಟು ಬಿಚ್ಚಿ ಕೊಡೋನ ಹತ್ರ ಒಂದು ದಿನಾನೂ ಇರಬಾರದು ಕಣೇ," ಎನ್ನುತ್ತಿದ್ದ.

ಯುದ್ಧ ಶುರುವಾದ ಮೇಲೆ ಅವನಿಗೆ ನಿದ್ದೆ ಕಡಿಮೆಯಾಯಿತು. ಜಪಾನಿನವರೂ ಇಳಿಯುತ್ತಾರೆ, ರಂಗೂನಿನ ಗತಿ ಏನೋ ಎಂದು ಜನ ಮಾತಾಡುತ್ತಿದ್ದರು. ಅಷ್ಟರಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿ ಸಾಹುಕಾರರು ನಮ್ಮ ಮನೆಗೆ ಬಂದರು. ಅಣ್ಣನ ಡಿವಿಡೆಂಡಿನ ಕಾಗದವನ್ನು ದುಡ್ಡು ಮಾಡಿಕೊಡುತ್ತಿದ್ದವರು ಅವರೇ.

"ನಿಮ್ಮ ಶೇರು ನನಗೆ ಕೊಟ್ಬಿಡಿ ಸ್ವಾಮಿ. ಕೊಂಡ ಬೆಲೆ ಮೇಲೆ ಒಂದಿಷ್ಟು ಸೇರಿಸೇ ಕೊಡ್ತೀನಿ. ಸೋಮವಾರ ನಮ್ಮ ಗುಮಾಸ್ತೆ ಬತ್ತಾನೆ, ಹೂಂ ಅಂತಲೋ ಊಹೂಂ ಅಂತಲೋ ಹೇಳಿ ಕಳ್ಸಿ."

"ನಿಮಗ್ಯಾಕೆ ಈ ಉಸಾಬರಿ ಸಾಹುಕಾರ್ರೇ? ಕೊಬ್ಬರಿ ಕೆಟ್ಟರೆ ಎಣ್ಣೆಯಾದ್ರೂ ಆಗುತ್ತೆ," ಎಂದು ಅಣ್ಣ ನಕ್ಕ.

"ನನ್ನ ಮಗ ಕೋಟು ಹಾಕ್ಕೊಂಡವ್ನಲ್ಲ, ಅವನಿಗೆ ಸೀಮೆ ಬ್ಯಾಂಕೇ ಬೇಕಂತೆ," ಎಂದು ಅವರೂ ನಕ್ಕರು.

ಆ ವರ್ಷದ ವರದಿ ಆಗಲೇ ಬಂದು ಕೂತಿತ್ತು. ಅದನ್ನು ಪೂರ್ತಿ ಕೇಳಿಯೇ ತೀರ್ಮಾನ ಎಂದ ಅಣ್ಣ. ಗುರುವಾರದಿಂದ ಕೂತೆವು. ಭಾನುವಾರ ಸಂಜೆಗೆ ಕೊನೆಯ ಹಾಳೆ. ಬೆಳಕು ಇಳಿಯುತ್ತಿತ್ತು. ಮಧ್ಯಾಹ್ನದಿಂದ ಹನ್ನೆರಡು ಸಲ ಕೋಲು ಕುಟ್ಟಿದ್ದ, ನಾನು ಎಣಿಸಿದ್ದೆ. ಹಾಳೆಯ ಅಡಿಯಲ್ಲಿ ಒಂದು ಗೆರೆ, ಅದರ ಕೆಳಗೆ ಇರುವೆ ಸಾಲಿನಂತೆ ಆರು ಸಾಲು ಸಣ್ಣಕ್ಷರ. ಬಿ, ಡಿ, ಪಿ, ಕ್ಯೂ ಎಲ್ಲವೂ ಅಲ್ಲಿ ಒಂದೇ ಥರ ಕಾಣುತ್ತಿದ್ದವು. ಅವನ್ನು ಶುರುಮಾಡಿದರೆ ಎಷ್ಟು ಸಲ ಬೈಸಿಕೊಳ್ಳಬೇಕೋ ಎಂದು ಪುಸ್ತಕ ಮುಚ್ಚಿದೆ.

"ಮುಗೀತು ಅಣ್ಣ," ಎಂದೆ.

"ಅಡಿಯಲ್ಲಿ ಸಣ್ಣಕ್ಷರ ಇದೆಯಾ ನೋಡು. ಬ್ಯಾಂಕಿನೋರು ನಗೋದು ದಪ್ಪಕ್ಷರದಲ್ಲಿ, ಕೆಮ್ಮೋದು ಸಣ್ಣಕ್ಷರದಲ್ಲಿ."

"ಏನೂ ಇಲ್ಲ."

ಅಣ್ಣ ಕೋಲಿಗೆ ಗಲ್ಲ ಊರಿ, "ಹಾಗಾದ್ರೆ ಗಟ್ಟಿಯಾಗಿದೆ. ಇಟ್ಕೊಳ್ಳೋಣ," ಎಂದ. ಮಾರನೆಯ ದಿನ ಗುಮಾಸ್ತೆ ಬರಿಗೈಲಿ ಹೋದ.

ಮುಂದಿನ ಡಿವಿಡೆಂಡ್ ಬರಬೇಕಾದ ತಿಂಗಳು ಕಳೆಯಿತು, ಬರಲಿಲ್ಲ. ಅದರ ಬದಲು ಒಂದು ತೆಳ್ಳನೆಯ ಲಕೋಟೆ ಬಂತು. ನಾನು ಅಕ್ಷರ ಹೇಳುತ್ತ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅಣ್ಣ "ಸಾಕು" ಎಂದ. ಡಿವಿಡೆಂಡ್ ನಿಲ್ಲಿಸಿದ್ದಾರೆ, ಮತ್ತೆ ಯಾವಾಗ ಕೊಡುತ್ತೇವೆಂದು ಹೇಳಲಾರೆವು ಎಂದು ಬರೆದಿದ್ದರಂತೆ. ಅಷ್ಟರಲ್ಲಿ ಆ ಶೇರನ್ನು ಮೂಸಿ ನೋಡುವವರೂ ಇರಲಿಲ್ಲ.

ಆ ಗಳಿಗೆಯಲ್ಲೇ ನನಗೆ ಇರುವೆ ಸಾಲು ಕಣ್ಣ ಮುಂದೆ ಬಂತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ದೇವರ ದರ್ಶನಕ್ಕೆಂದು ಸುಳ್ಳು ಹೇಳಿ, ವರದಿಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಬೇಲೂರಿನ ಬಸ್ಸು ಹತ್ತಿದೆ. ಅಲ್ಲಿ ದೇವಸ್ಥಾನದ ಬೀದಿಯಲ್ಲಿ ಗುರುತಿಲ್ಲದ ಒಬ್ಬ ಮುದುಕ ಮೇಷ್ಟರು ಜಗುಲಿಯ ಮೇಲೆ ಇಂಗ್ಲಿಷ್ ಪತ್ರಿಕೆ ಓದುತ್ತ ಕೂತಿದ್ದರು. ಅವರ ಮುಂದೆ ಹಾಳೆ ಹಿಡಿದೆ.

"ಈ ವರ್ಷದ ಡಿವಿಡೆಂಡಿನಲ್ಲಿ ಹೆಚ್ಚು ಪಾಲನ್ನ ಲಾಭದಿಂದಲ್ಲ, ಕೂಡಿಟ್ಟ ನಿಧಿಯಿಂದ ತೆಗೆದು ಕೊಟ್ಟಿದೀವಿ ಅಂತ ಇದೆ ತಾಯಿ. ಮುಂದೆ ಹೀಗೆ ಕೊಡೋಕೆ ಆಗೋದಿಲ್ಲ ಅಂತಾನೂ ಇದೆ. ಯಾರ ದುಡ್ಡಮ್ಮ ಇದರಲ್ಲಿ?"

ನಾನು ವರದಿಯನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಬಂದೆ. ವಾಪಸು ಬಸ್ಸು ಬೇಲೂರು ಬಿಟ್ಟಾಗ ನಿಶ್ಚಯ ಮಾಡಿಕೊಂಡಿದ್ದೆ: ಹೋದ ತಕ್ಷಣ ಅಣ್ಣನ ಕಾಲು ಹಿಡಿದು ಹೇಳಿಬಿಡುವುದು. ಬಾಗಿಲಿಗೆ ಬಂದರೆ ಅವನು ಗೋಡೆ ತಡವುತ್ತ ನನಗಾಗಿ ಕಾಯುತ್ತಿದ್ದ.

"ಎಲ್ಲಿಟ್ಟಿದೀಯೇ ಆ ಹಳೇ ವರದೀನ? ಮೊದಲಿಂದ ಇನ್ನೊಂದು ಸಲ ಓದು. ನಾನು ಎಲ್ಲಿ ತಪ್ಪಿದೆ ಅಂತ ಗೊತ್ತಾಗಬೇಕು."

ಮತ್ತೆ ನಾಲ್ಕು ದಿನ ಕೂತೆವು. ಈ ಸಲ ಅವನು ಒಮ್ಮೆಯೂ ಕೋಲು ಕುಟ್ಟಲಿಲ್ಲ. ತಪ್ಪಿದರೆ, "ಪರವಾಗಿಲ್ಲ, ಇನ್ನೊಂದು ಸಲ ಹೇಳಮ್ಮ," ಎನ್ನುತ್ತಿದ್ದ. ಒಂದೊಂದು ಹಾಳೆ ತಿರುವಿದಾಗಲೂ ಆ ಗೆರೆ ಹತ್ತಿರ ಬರುತ್ತಿತ್ತು. ಕೊನೆಯ ಹಾಳೆಗೆ ಬಂದಾಗ ನನ್ನ ಬೆವರಿಗೆ ಕಾಗದದ ಅಂಚು ಮೆತ್ತಗಾಗಿತ್ತು. ಈಗ ಬೆಳಕು ಚೆನ್ನಾಗಿತ್ತು. ಅಲ್ಲಿ ಏನಿದೆಯೆಂದೂ ಗೊತ್ತಿತ್ತು. ಮೊದಲನೆಯ ಅಕ್ಷರ ನಾಲಗೆಯ ತುದಿಗೇ ಬಂದಿತ್ತು.

"ಇಷ್ಟೇ ಅಣ್ಣ," ಎಂದೆ.

ಮೊದಲನೆಯದು ದಣಿವು, ಹೆದರಿಕೆ ಎಂದು ಯಾರಾದರೂ ಕ್ಷಮಿಸಬಹುದು. ಈ ಎರಡನೆಯದಕ್ಕೆ ನನ್ನಲ್ಲಿ ಮಾತಿಲ್ಲ.

ಅಣ್ಣ ಕೋಲನ್ನು ಗೋಡೆಗೆ ಒರಗಿಸಿದ. "ಎಲ್ಲಾ ಸರಿಯಾಗೇ ಇದೆ. ಹಾಗಾದ್ರೆ ಮಂಕಾಗಿರೋದು ನನ್ನ ಬುದ್ಧಿ ಕಣೇ," ಎಂದ. "ಕಣ್ಣು ಹೋದಾಗ ಇಷ್ಟು ಹೆದರಿರಲಿಲ್ಲ."

ನಾನು ಹಪ್ಪಳ ಒತ್ತಿ, ಹತ್ತಿ ಬಿಡಿಸಿ ಹೇಗೋ ಗಂಜಿಗೆ ದಾರಿ ಮಾಡಿದೆ. ಆದರೆ ಆ ದಿನದಿಂದ ಅವನು ಯಾವುದನ್ನೂ ತಾನಾಗಿ ತೀರ್ಮಾನಿಸಲಿಲ್ಲ. ಮೊದಲು ಬೀದಿಯವರೆಲ್ಲ ಅವನ ಸಲಹೆ ಕೇಳಲು ಬರುತ್ತಿದ್ದರು. ಆಮೇಲೆ ತೆಂಗಿನಕಾಯಿ ಮಾರುವವನು ಜಾವಗಲ್ಲಿನಿಂದ ಗಾಡಿ ತಂದು, "ಸ್ವಾಮಿ, ಎಷ್ಟು ಹಾಕ್ಲಿ?" ಎಂದು ಕೇಳಿದರೂ ಅಣ್ಣ ನನ್ನ ದನಿ ಇದ್ದ ಕಡೆಗೆ ಮುಖ ತಿರುಗಿಸುತ್ತಿದ್ದ.

"ಅವಳನ್ನ ಕೇಳಪ್ಪ. ನನಗೆ ತಿಳಿಯೋದಿಲ್ಲ, ಅವಳು ಸರಿಯಾಗಿ ನೋಡಿ ಹೇಳ್ತಾಳೆ."

ಬಾಯಿ ಬಿಟ್ಟರೆ ಬೇರೆ ಏನು ಹೊರಗೆ ಬಂದುಬಿಡುತ್ತದೋ ಎಂಬ ಭಯದಲ್ಲೇ ನಾನು ಹೇಳುತ್ತಿದ್ದೆ. ಎರಡು ಕಾಯಿ ಸಾಕು, ಎಂದು.