ಅಂಗೈಯಲ್ಲಿ ಕಂಡ ಹಸಿರು ಸೀರೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಜೊತೆ ರಾತ್ರಿಯ ಕನಸುಗಳನ್ನೂ ಹಂಚಿಕೊಳ್ಳುತ್ತಿದ್ದೆವು. ಹಾವು ಕಂಡರೆ ಏನು, ಹಲ್ಲು ಬಿದ್ದಂತೆ ಕಂಡರೆ ಏನು ಎಂದು ಅಪ್ಪ ಒಂದೊಂದಕ್ಕೂ ಅರ್ಥ ಹೇಳುತ್ತಿದ್ದ. ಹಲ್ಲಿ ಮೈಮೇಲೆ ಬಿದ್ದರೆ ಅವ್ವ ಪಂಚಾಂಗ ತೆಗೆಸುತ್ತಿದ್ದಳು. ಅಪ್ಪನ ತಮ್ಮ, ನನ್ನ ಕಾಕಾ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಎರೆಹೊಲದಲ್ಲಿ ನಡೆಯುತ್ತಿದ್ದ. ಕಾಯಿ ಎದ್ದು ನಿಂತ ಜಾಗದಲ್ಲಿ ನೀರಿದೆ ಎಂದು ಲೆಕ್ಕ. ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ನಮ್ಮದು ಅಂಥ ಮನೆ. ಸಮುದ್ರ ಇರುವ ಮಂಗಳೂರು ಬೇರೆ, ಮಕ್ಕಳೇ. ನಮ್ಮೂರಲ್ಲಿ ಒಂದು ಕೊಡ ನೀರಿಗೂ ತೆಂಗಿನಕಾಯಿಯನ್ನು ಕೇಳಬೇಕಿತ್ತು.

ಆ ಮನೆಯಲ್ಲಿ ನನ್ನದೂ ಒಂದು ದೊಡ್ಡಸ್ತಿಕೆ ಇತ್ತು. ನಾನು ಪಾಯಾಳು, ಅಂದರೆ ಕಾಲು ಮುಂದಾಗಿ ಹುಟ್ಟಿದವಳು. "ಹುಟ್ಟೂವಾಗನ ಓಡಿ ಹೋಗಾಕ ತಯಾರಾಗಿ ಬಂದಾಳ" ಎಂದು ಅವ್ವ ನಗುತ್ತಿದ್ದಳು. ಪಾಯಾಳು ಒದ್ದರೆ ಬೆನ್ನು ಹಿಡಿದದ್ದು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಮೀಸೆ ಹೊತ್ತ ದೊಡ್ಡ ದೊಡ್ಡ ಗಂಡಸರು ನಮ್ಮ ಪಡಸಾಲೆಯಲ್ಲಿ ಬೋರಲು ಮಲಗುತ್ತಿದ್ದರು, ನಾನು ಮೂರು ಸಲ ಒದೆಯುತ್ತಿದ್ದೆ. ಬೆಲ್ಲ ಕೊಟ್ಟು ಹೋಗುತ್ತಿದ್ದರು. ಊರ ಹಿರಿಯರನ್ನು ಒದ್ದು ಬೆಲ್ಲ ತಿಂದವಳು ನಾನೊಬ್ಬಳೇ ಇರಬೇಕು.

ಪಾಯಾಳುವಿಗೆ ಇನ್ನೊಂದು ಕೆಲಸವಿತ್ತು. ಅದು ಅಂಜನ ನೋಡುವುದು. ಯಾರದಾದರೂ ಎಮ್ಮೆಯೋ ಒಡವೆಯೋ ಕಳೆದರೆ ಅಮಾವಾಸ್ಯೆಯ ದಿನ ಅಪ್ಪನ ಹತ್ತಿರ ಬರುತ್ತಿದ್ದರು. ಅಪ್ಪ ದೀಪದ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲೆಸಿ ನನ್ನ ಅಂಗೈಗೆ ಹಚ್ಚುತ್ತಿದ್ದ. ಆ ಕಪ್ಪಿನಲ್ಲಿ ಮೊದಲು ಕಸ ಗುಡಿಸುವವನು ಬರುತ್ತಾನೆ, ನೀರು ಚಿಮುಕಿಸುವವನು ಬರುತ್ತಾನೆ, ಕುರ್ಚಿ ಹಾಕುತ್ತಾರೆ, ಆಮೇಲೆ ಹನುಮಪ್ಪ ಬಂದು ಕೂತು ಕಳ್ಳನನ್ನು ತೋರಿಸುತ್ತಾನೆ. "ಕಸಾ ಹೊಡ್ಯಾವ ಬಂದ್ನೇನು?" ಎಂದು ಅಪ್ಪ ಕೇಳುತ್ತಿದ್ದ. ನಾನು "ಹೂಂ" ಅನ್ನುತ್ತಿದ್ದೆ. "ಕುರ್ಚಿ ಹಾಕಿದ್ರೇನು?" "ಹೂಂ." ನಿಜ ಹೇಳಲೇ? ನನಗೆ ಏನೂ ಕಾಣುತ್ತಿರಲಿಲ್ಲ. ಆದರೆ ಅಪ್ಪ ಅಷ್ಟು ಆಸೆಯಿಂದ ಕೇಳುವಾಗ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಒಮ್ಮೆ "ಹಳ್ಳದ ದಂಡಿ" ಅಂದೆ, ಎಮ್ಮೆ ಹಳ್ಳದ ದಂಡೆಯಲ್ಲೇ ಸಿಕ್ಕಿತು. ಎಮ್ಮೆ ಹಳ್ಳ ಬಿಟ್ಟು ಮತ್ತೆಲ್ಲಿಗೆ ಹೋಗುತ್ತದೆ? ಅಂದಿನಿಂದ ನನ್ನ ಹೆಸರು ಹತ್ತು ಹಳ್ಳಿಗೆ ಹಬ್ಬಿತು.

ಆ ವರ್ಷ ಇರಕಲ್ಲಗಡದಿಂದ ಅಪ್ಪನ ಅಕ್ಕ, ನನ್ನ ಅತ್ತೆ, ನಾಲ್ಕು ದಿನ ಇರಲು ಬಂದಿದ್ದಳು. ಮೂರನೆಯ ದಿನ ಅವಳ ಬೋರಮಾಳ ಕಾಣೆಯಾಯಿತು. ಜೋಳದಷ್ಟು ಸಣ್ಣ ಬಂಗಾರದ ಗುಂಡು ಪೋಣಿಸಿದ ಸರ, ಅವಳ ಮದುವೆಯಲ್ಲಿ ಹಾಕಿದ್ದು. ಮನೆಯೆಲ್ಲ ತಡಕಾಡಿದರೂ ಸಿಗಲಿಲ್ಲ. ಮರುದಿನ ಅಮಾವಾಸ್ಯೆ. ಬೇರೆ ಊರಿನ ಜನವೂ ಬಂದು ಪಡಸಾಲೆ ತುಂಬಿತ್ತು. "ಊರ ಮಂದೀದು ಆಮ್ಯಾಲ ನೋಡ್ರಿ. ಮದ್ಲ ನಮ್ಮ ಮನೀದು ನೋಡ್ಲಿ" ಎಂದು ಅತ್ತೆ ಪಟ್ಟು ಹಿಡಿದಳು.

ಅಂಜನ ಮುಗಿಯುವ ತನಕ ನಾನು ಉಪವಾಸ ಇರಬೇಕು. ಮಧ್ಯಾಹ್ನದ ಬಿಸಿಲು, ಲೋಬಾನದ ಹೊಗೆ, ಒಳಗಿನಿಂದ ಬರುವ ಹೋಳಿಗೆಯ ವಾಸನೆ. ಹಸಿದು ಕಣ್ಣುಕತ್ತಲೆ ಬರುತ್ತಿತ್ತು. ಕಾಕಾನ ಹೆಂಡತಿ, ನನ್ನ ಚಿಗವ್ವ, ಮದುವೆಯಾಗಿ ಬಂದು ಇನ್ನೂ ಎರಡು ವರ್ಷವಾಗಿರಲಿಲ್ಲ. ನನ್ನ ತಲೆ ಬಾಚುತ್ತಿದ್ದವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗುತ್ತಿದ್ದವಳು ಅವಳೇ. ನಾನು ತೂಗಾಡುವುದನ್ನು ಕಂಡು ಹಿಂದೆ ಬಂದು ನಿಂತಳು.

ಅಪ್ಪ ಕೇಳುತ್ತಾ ಹೋದ, ನಾನು ಹೂಂ ಅನ್ನುತ್ತಾ ಹೋದೆ. ಕೊನೆಗೆ "ಈಗ ಯಾರು ಕಾಣಾಕತ್ತಾರವ್ವಾ?" ಎಂದ. ಆಗ ನನ್ನ ಅಂಗೈಯ ಕಪ್ಪಿನಲ್ಲಿ ನಿಜವಾಗಿ ಏನೋ ಅಲುಗಾಡಿತು. ಹಸಿರು ಬಣ್ಣ. ಕೆಂಪು ಸೆರಗು. ಮೊಟ್ಟಮೊದಲ ಸಲ ನನಗೂ ಕಂಡಿತು ಎಂಬ ಸಂತೋಷದಲ್ಲಿ ಕೂಗಿದೆ: "ಹೆಣ್ಮಗಳು! ಹಸ್ರ ಸೀರಿ, ಕೆಂಪ ಸೆರಗು!"

ಪಡಸಾಲೆಯಲ್ಲಿದ್ದ ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು. ನಾನೂ ತಿರುಗಿದೆ. ಹಸಿರು ಇಳಕಲ್ ಸೀರೆಯ ಚಿಗವ್ವ ನನ್ನ ಬೆವರು ಒರೆಸಲು ಸೆರಗು ಕೈಯಲ್ಲಿ ಹಿಡಿದು ಬಾಗಿದ್ದಳು. ಎಣ್ಣೆಯ ಹೊಳಪಿನಲ್ಲಿ ಬಿದ್ದ ಅವಳ ಬಿಂಬವನ್ನೇ ನಾನು ಕಳ್ಳಿ ಎಂದು ಹೇಳಿಬಿಟ್ಟಿದ್ದೆ.

ನನಗೆ ಆ ಕ್ಷಣವೇ ಗೊತ್ತಾಯಿತು, ಮಕ್ಕಳೇ. ಆಮೇಲೆ ತಿಳಿಯಿತು ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಬಾಯಿ ತೆರೆದೆ. ಆದರೆ ಅಷ್ಟು ಜನ, ಅಪ್ಪನ ಹೊಳೆಯುವ ಮುಖ, "ಹನುಮಪ್ಪ ಸುಳ್ಳ ಹೇಳ್ತಾನೇನು?" ಎಂದು ಕೂಗುವ ಅತ್ತೆ. ನನ್ನ ನಾಲಿಗೆ ಏಳಲಿಲ್ಲ.

"ನಾ ಮುಟ್ಟಿಲ್ರಿ ಮಾವಾರ, ನಿಮ್ಮ ಪಾದದ ಆಣಿ" ಎಂದು ಚಿಗವ್ವ ಅಪ್ಪನಿಗೆ ಅಂದದ್ದು ಒಂದೇ ಮಾತು. ಅವಳ ಟ್ರಂಕನ್ನು ಎಲ್ಲರೆದುರು ತೆಗೆಸಿದರು. ಎರಡು ಸೀರೆ, ಒಂದು ಕನ್ನಡಿ, ಹುಟ್ಟಲಿರುವ ಕೂಸಿಗೆ ಹೊಲಿದಿಟ್ಟ ಕುಲಾಯಿ ಟೊಪ್ಪಿಗೆ. ಬೋರಮಾಳ ಇರಲಿಲ್ಲ. ಇಲ್ಲದಿದ್ದರೂ, "ತವರಿಗೆ ದಾಟಿಸ್ಯಾಳ" ಎಂದರು. ಕಾಕಾ ತಲೆ ತಗ್ಗಿಸಿ ಗಾಡಿ ಕಟ್ಟಿದ. ಕುಷ್ಟಗಿ ಕಡೆಯ ತವರಿಗೆ ಹೊರಟವಳು ಬಾಗಿಲಲ್ಲಿ ನನ್ನ ಮುಂದೆ ನಿಂತು, "ಮುಂಜಾನಿಂದ ಉಪಾಸ ಅದಿ, ಏನರ ತಿನ್ನು" ಅಂದಳು. ಬೈದಿದ್ದರೆ ಎಷ್ಟೋ ಛಲೋ ಇತ್ತು.

ಗಾಡಿ ಕಣ್ಮರೆಯಾದ ಮೇಲೆ ನನಗೆ ಧೈರ್ಯ ಬಂತು. ಕೆಲಸಕ್ಕೆ ಬಾರದ ಧೈರ್ಯ. ಅಪ್ಪನ ಹತ್ತಿರ ಹೋಗಿ ಅಳುತ್ತಾ ಎಲ್ಲ ಹೇಳಿದೆ: ಅದು ಚಿಗವ್ವನ ಬಿಂಬ, ಯಾವತ್ತೂ ನನಗೆ ಏನೂ ಕಂಡಿಲ್ಲ. "ಅಂಜನದಾಗ ಆಡಿದ್ದು ದೇವರ ಮಾತು. ಈಗ ಆಡೂದು ಹುಡುಗಿ ಮಾತು. ಚಿಗವ್ವನ ಮ್ಯಾಲಿನ ಪ್ರೀತೀಲೆ ಸುಳ್ಳ ಹೇಳಾಕತ್ತಿ" ಅಂದ ಅಪ್ಪ. ಸುಳ್ಳು ಹೇಳಿದಾಗ ಊರೇ ನಂಬಿತ್ತು, ಖರೆ ಹೇಳಿದಾಗ ಹೆತ್ತ ಅಪ್ಪನೂ ನಂಬಲಿಲ್ಲ. ಯಾರೂ ಮುಟ್ಟದ ಆ ದಿನದ ಹೋಳಿಗೆಯನ್ನು ಅವ್ವ ದನಕ್ಕೆ ಹಾಕಿದಳು.

ಎರಡು ತಿಂಗಳ ಮೇಲೆ ಇರಕಲ್ಲಗಡದಿಂದ ಸುದ್ದಿ ಬಂತು. ಅತ್ತೆ ನಮ್ಮಲ್ಲಿಗೆ ಬಂದಾಗ ಜೊತೆಗೆ ತಂದಿದ್ದ ತನ್ನ ಕೌದಿಯನ್ನು ಒಗೆಯಲು ತೆಗೆದಾಗ ಬೋರಮಾಳ ಅದರ ಹೊಲಿಗೆ ಬಿಚ್ಚಿದ ಮೂಲೆಯಲ್ಲಿತ್ತು. ಕಳ್ಳರ ಹೆದರಿಕೆಗೆ ತಾನೇ ತುರುಕಿ ಮರೆತಿದ್ದಳು. ಅಪ್ಪ ಅಂದೇ ಚಿಗವ್ವನ ತವರಿಗೆ ಹೋದ, ಒಬ್ಬನೇ ತಿರುಗಿ ಬಂದ. ಅವಳು ಬರಲಿಲ್ಲ. ಕಾಕಾನೂ ಅಲ್ಲಿಯೇ ಹೊಲ ಮಾಡಿಕೊಂಡು ಉಳಿದ. ಅಂಜನ ಕೇಳಿಕೊಂಡು ಬಂದವರಿಗೆ ಅಪ್ಪ, "ಹುಡುಗಿ ದೊಡ್ಡಾಕಿ ಆದ್ಲು, ಇನ್ನ ಕಾಣಂಗಿಲ್ರಿ" ಎಂದು ಹೇಳಿ ಕಳಿಸಿದ. ತಪ್ಪಾಯಿತು ಎಂದು ಮಾತ್ರ ಯಾರ ಎದುರೂ ಹೇಳಲಿಲ್ಲ. ಅಪ್ಪನ ಮೇಲೆ ನನಗೆ ಪ್ರೀತಿ ಇದೆ, ಆ ಸಿಟ್ಟೂ ಇನ್ನೂ ಹೋಗಿಲ್ಲ. ನನ್ನ ಮದುವೆಗೆ ಚಿಗವ್ವ ಬಂದಳು. ಅಕ್ಕಿಕಾಳು ಹಾಕಿ, ತಲೆ ನೇವರಿಸಿ, ನಮ್ಮ ಮನೆಯ ನೀರನ್ನೂ ಮುಟ್ಟದೆ ಹೋದಳು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹತ್ತಿದ್ದಳು.

ಈಗ ಕೊಪ್ಪಳದ ನಿಮ್ಮ ಮನೆಯಲ್ಲಿ ಬಾಗಿಲ ಮೇಲೆ ಕ್ಯಾಮೆರಾ ಇದೆ. ಏನಾದರೂ ಕಳೆದರೆ ನಿಮ್ಮಪ್ಪ ಫೋನಿನಲ್ಲಿ ಹಿಂದಿನದನ್ನು ಓಡಿಸಿ ನೋಡುತ್ತಾನೆ. ಯಾರೂ ಕೂಸನ್ನು ಉಪವಾಸ ಕೂಡಿಸಿ ಕೇಳುವುದಿಲ್ಲ. ಒಳ್ಳೆಯದೇ ಆಯಿತು. ಆದರೂ ನಿಮ್ಮನ್ನು ಕೇಳುವವರು ಇದ್ದೇ ಇದ್ದಾರೆ. ಮೊನ್ನೆ ನಿಮ್ಮೊಳಗೆ ಸಣ್ಣವಳು ಶಾಲೆಯಿಂದ ಅಳುತ್ತಾ ಬಂದಳಲ್ಲ? ತರಗತಿಯಲ್ಲಿ ಯಾರೋ ನಕಾಶೆ ಹರಿದಿದ್ದರು. ಎಲ್ಲ ಮಕ್ಕಳೂ ಹೊಸದಾಗಿ ಸೇರಿದ ಹುಡುಗಿಯ ಕಡೆ ಬೆರಳು ತೋರಿಸಿದರು. ಇವಳೊಬ್ಬಳೇ ಎದ್ದು ನಿಂತು, "ನಾ ನೋಡಿಲ್ರಿ ಟೀಚರ್" ಅಂದಳಂತೆ. ಅಂದಿನಿಂದ ಗೆಳತಿಯರು ಇವಳ ಜೊತೆ ಮಾತು ಬಿಟ್ಟಿದ್ದಾರೆ.

"ಎಲ್ಲಾರೂ ಹೇಳಿದಂಗ ನೀನೂ ಹೂಂ ಅಂದಿದ್ರ ಏನ್ ಹೋಗ್ತಿತ್ತು?" ಎಂದು ನಿಮ್ಮವ್ವ ಗದರಿದಳು. ಅಂದು ನಾನು ಸೊಸೆಯ ಮೇಲೆ ಮೊದಲ ಸಲ ದನಿ ಎತ್ತಿದೆ. ಅಜ್ಜಿ ಯಾಕೆ ಹಾಗೆ ಕೂಗಿದಳು ಎಂದು ನೀವೆಲ್ಲ ಕೇಳಿದಿರಿ. ಅದಕ್ಕೇ ಇದನ್ನೆಲ್ಲ ಹೇಳಿದೆ.